ಗೇಣಿ ಅಕ್ಕಿಯ ಮೇಲೆ ನಡೆದ ಸಿದ್ಧಾಂತದ ಜಗಳ

"ಪಾರ್ಟಿ ಎಲ್ಲ ಒಂದೇ ಮಾರಾಯ್ರೇ, ಬಾವುಟ ಮಾತ್ರ ಬೇರೆ." ನಂತೂರು ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುವವರಿಂದ ಹಿಡಿದು ಹಳ್ಳಿಯ ಹಾಲಿನ ಡೈರಿಯವರೆಗೆ ನಾವು ದಿನಾ ಕೇಳುವ ಮಾತಿದು. ಅಮೆರಿಕದ ಸುದ್ದಿ ಬಂದರೆ ಮಾತ್ರ ಸಿದ್ಧಾಂತದ ಚರ್ಚೆ: ಅಲ್ಲಿ ಒಂದು ಪಕ್ಷ ಸರ್ಕಾರ ಆದಷ್ಟು ದೂರ ಇರಲಿ ಎನ್ನುತ್ತದೆ, ಇನ್ನೊಂದು ಬಡವರ ಪರ ಸರ್ಕಾರ ನಿಲ್ಲಲಿ ಎನ್ನುತ್ತದೆ. ಇದೇ ಜಗಳ ನಮ್ಮ ಜಿಲ್ಲೆಯಲ್ಲೂ ನಡೆದಿತ್ತು, ಗದ್ದೆಯ ವಿಷಯದಲ್ಲಿ. ನಿಮ್ಮ ಪಹಣಿಯಲ್ಲಿ ಈಗ ಯಾರ ಹೆಸರಿದೆ ಎನ್ನುವುದಕ್ಕೂ ಆ ಜಗಳಕ್ಕೂ ನಂಟಿದೆ.

ಆಗ ಇಲ್ಲಿನ ಬೇಸಾಯ ಹೆಚ್ಚಾಗಿ ಗೇಣಿಯದು. ಮೂಲಗೇಣಿಯವನಿಗೆ ಖಾಯಂ ಹಕ್ಕು. ಚಾಲಗೇಣಿ ಒಕ್ಕಲಿಗೆ ವರ್ಷದ ಭರವಸೆ ಅಷ್ಟೆ. ಬೆಳೆ ಹೇಗೇ ಬರಲಿ, ಧನಿಗಳ ಮನೆಗೆ ಮುಡಿ ಅಕ್ಕಿ ಹೋಗಬೇಕು.

1959ರಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ಅದನ್ನು ವಿರೋಧಿಸಿದ ರಾಜಾಜಿ ಅದೇ ವರ್ಷ ಸ್ವತಂತ್ರ ಪಕ್ಷ ಕಟ್ಟಿದರು. ಆಸ್ತಿಯ ಹಕ್ಕು ಹೋದರೆ ಮನುಷ್ಯನ ಸ್ವಾತಂತ್ರ್ಯವೂ ಹೋಗುತ್ತದೆ ಎಂಬುದು ಅವರ ವಾದ. ಐಸಿಎಸ್ ಅಧಿಕಾರಿಯಾಗಿದ್ದ ಮಂಗಳೂರಿನ ಜೆ.ಎಂ. ಲೋಬೋ ಪ್ರಭು 1967ರಲ್ಲಿ ಅದೇ ಪಕ್ಷದಿಂದ ಉಡುಪಿಯಲ್ಲಿ ಗೆದ್ದು ಲೋಕಸಭೆಗೆ ಹೋದರು. ದೇಶದಲ್ಲಿ ಆ ಸಲ ಪಕ್ಷಕ್ಕೆ 44 ಸ್ಥಾನ. ಎದುರು ದಡದಲ್ಲಿದ್ದವರು ಕಾಸರಗೋಡು ಬಳಿಯ ಬೇವಿಂಜೆಯ ಬಿ.ವಿ. ಕಕ್ಕಿಲ್ಲಾಯರು, ಕಮ್ಯುನಿಸ್ಟ್. ಉಳುವವನಿಗೇ ಭೂಮಿ ಎಂದವರು, 1972ರಲ್ಲಿ ಶಾಸಕರಾದರು.

ಕಾಂಗ್ರೆಸ್ ನಡುವೆ ನಿಂತಿತ್ತು, ಸ್ವಲ್ಪ ಕಾಲ ಎರಡು ದೋಣಿಯಲ್ಲೂ ಕಾಲಿಟ್ಟಿತ್ತು ಅಂದರೂ ತಪ್ಪಿಲ್ಲ. 1961ರ ಕಾಯ್ದೆ ಜಾರಿಗೆ ಬಂದದ್ದೇ 1965ರಲ್ಲಿ. ಅದರಲ್ಲೂ ನುಸುಳಲು ದಾರಿಗಳಿದ್ದವು. ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದ ಮೇಲೆ ಆಟವೇ ಬದಲಾಯಿತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಒಕ್ಕಲು ನಮೂನೆ 7ರಲ್ಲಿ ಅರ್ಜಿ ಕೊಡಬೇಕಾಯಿತು. ನಮ್ಮವರ ಬಾಯಲ್ಲಿ ಅದು 'ಡಿಕ್ಲರೇಶನ್', ಕಾನೂನು 'ಭೂಮಸೂದೆ'. ಭೂನ್ಯಾಯ ಮಂಡಳಿಯಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಧನಿಯೂ ಒಕ್ಕಲೂ ಎದುರುಬದುರು ನಿಂತು ತಾವೇ ಮಾತಾಡಬೇಕು. ಧನಿಯ ಮುಂದೆ ಅಲ್ಲಿಯವರೆಗೆ ಅಂಗಳದಲ್ಲೇ ನಿಂತವನಿಗೆ ಅದು ಸಣ್ಣ ವಿಷಯವಲ್ಲ. ನಮ್ಮ ಲೆಕ್ಕದಲ್ಲಿ ಕಾನೂನಿನ ದೊಡ್ಡ ಗೆಲುವು ಅಲ್ಲೇ ಇದೆ.

ಆದರೆ ಸ್ವತಂತ್ರದವರ ಆತಂಕ ಪೂರ್ತಿ ಸುಳ್ಳಾಗಿರಲಿಲ್ಲ. ಎರಡು ಮುಡಿ ಗದ್ದೆಯ ಗೇಣಿಯಲ್ಲೇ ಒಲೆ ಉರಿಸುತ್ತಿದ್ದ ವಿಧವೆಯರೂ ದೊಡ್ಡ ಧನಿಗಳ ಸಾಲಿನಲ್ಲೇ ನಿಲ್ಲಬೇಕಾಯಿತು. ಇತ್ತ ಕೂಲಿಯವನು ಒಕ್ಕಲಲ್ಲ, ಹಾಗಾಗಿ ಅವನಿಗೆ ಗದ್ದೆ ಸಿಗಲಿಲ್ಲ. ಅವನಿಗೆ ಕಾನೂನು ಕೊಟ್ಟದ್ದು ವಾಸದ ಮನೆಯಡಿ ಜಾಗದ ಹಕ್ಕು. ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸರಲ್ಲಿ ಎಷ್ಟು ಜನರ ಹೆಸರು ಪಹಣಿಗೆ ಬಂತು? ನಿಮ್ಮ ಊರಿನ ಹಿರಿಯರನ್ನು ಕೇಳಿ ನೋಡಿ.

ಸ್ವತಂತ್ರ ಪಕ್ಷ 1974ರಲ್ಲೇ ಭಾರತೀಯ ಲೋಕದಳದಲ್ಲಿ ಕರಗಿತು. ವಾದ ಕರಗಲಿಲ್ಲ. 2020ರಲ್ಲಿ ಬಿಜೆಪಿ ಸರ್ಕಾರ ಅದೇ ಕಾಯ್ದೆಯ 79ಎ, 79ಬಿ ಕಲಂ ತೆಗೆದು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಿತು. ಕಾಂಗ್ರೆಸ್ ವಿರೋಧಿಸಿತು, ಜೆಡಿಎಸ್ ಪರಿಷತ್ತಿನಲ್ಲಿ ಬೆಂಬಲಿಸಿತು. ಮಾರುವವನ ಸ್ವಾತಂತ್ರ್ಯ ದೊಡ್ಡದೋ, ಉಳುವವನ ಹಕ್ಕು ದೊಡ್ಡದೋ ಎಂಬ ಪ್ರಶ್ನೆ ಈಗ ಡಿಕ್ಲರೇಶನ್‌ನಲ್ಲಿ ಭೂಮಿ ಪಡೆದವರ ಮೊಮ್ಮಕ್ಕಳ ಮನೆಯಲ್ಲಿದೆ, ಬ್ರೋಕರ್ ಫೋನ್ ಮಾಡಿದಾಗಲೆಲ್ಲ.