ಕುದುರೆ ಪಂದ್ಯಗಳ ಟಿ.ವಿ. ಪ್ರಸಾರ ಮತ್ತು ಶುಲ್ಕಸಹಿತ ವಾಹಿನಿಗಳ ದರ: ಮಾಯಕೊಂಡ ಹೋಬಳಿಯ ಚಂದಾದಾರರಿಗೆ ಮಾಹಿತಿ

ದಾವಣಗೆರೆ ತಾಲ್ಲೂಕಿನ ಮಾಯಕೊಂಡ ಹೋಬಳಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಕೇಬಲ್ ಅಥವಾ ಡಿಟಿಎಚ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವ, ಇಲ್ಲವೇ ಈಗಿರುವ ಸಂಪರ್ಕಕ್ಕೆ ಕ್ರೀಡಾ ವಾಹಿನಿಗಳನ್ನು ಸೇರಿಸಿಕೊಳ್ಳಬಯಸುವ ನಾಗರಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಕುದುರೆ ಪಂದ್ಯಗಳನ್ನು ಮನೆಯಲ್ಲಿಯೇ ವೀಕ್ಷಿಸುವ ಉದ್ದೇಶದಿಂದ ಹೆಚ್ಚುವರಿ ಶುಲ್ಕ ತೆರಲು ಸಿದ್ಧರಿರುವವರು ಹಣ ಪಾವತಿಸುವ ಮೊದಲು ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ. ಕ್ರೀಡಾ ವಾಹಿನಿಗಳ ಗುಚ್ಛವನ್ನು ಖರೀದಿಸಿದ ಮಾತ್ರಕ್ಕೆ ಕುದುರೆ ಪಂದ್ಯಗಳು ಕಾಣಸಿಗುತ್ತವೆ ಎಂದು ಭಾವಿಸುವಂತಿಲ್ಲ. ಗುಚ್ಛದ ದರಪಟ್ಟಿಯಲ್ಲಿ ವಾಹಿನಿಗಳ ಹೆಸರುಗಳಿರುತ್ತವೆಯೇ ಹೊರತು, ಆ ವಾಹಿನಿಗಳು ಯಾವ ಪಂದ್ಯಗಳನ್ನು ತೋರಿಸುತ್ತವೆ ಎಂಬ ವಾಗ್ದಾನ ಇರುವುದಿಲ್ಲ.

ಪಂದ್ಯಗಳು ಮನೆಯ ಟಿ.ವಿ.ಗೆ ಬಾರದಿರಲು ಕಾರಣ

ಕರ್ನಾಟಕದಲ್ಲಿ ಕುದುರೆ ಪಂದ್ಯಗಳು ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಅಧಿನಿಯಮ, 1952ರ ಅನ್ವಯ ಸರ್ಕಾರದ ಪರವಾನಗಿ ಪಡೆದು ನಡೆಯತಕ್ಕವು. ಬೆಂಗಳೂರು ಟರ್ಫ್ ಕ್ಲಬ್ ಹಾಗೂ ಮೈಸೂರು ರೇಸ್ ಕ್ಲಬ್ ಈ ಪಂದ್ಯಗಳನ್ನು ನಡೆಸುವ ಪ್ರಮುಖ ಸಂಸ್ಥೆಗಳು. ದಾವಣಗೆರೆ, ಹರಿಹರ ಭಾಗದವರಿಗೆ ಎರಡೂ ಮೈದಾನಗಳು ದೂರವೇ. ಆದುದರಿಂದ ಪಂದ್ಯಗಳನ್ನು ಟಿ.ವಿ.ಯಲ್ಲಿ ನೋಡುವ ಅಪೇಕ್ಷೆ ಸಹಜವಾದದ್ದು.

ಕ್ಲಬ್‌ಗಳು ಪ್ರತಿ ಓಟವನ್ನೂ ಕ್ಯಾಮೆರಾಗಳಲ್ಲಿ ಸೆರೆಹಿಡಿಯುತ್ತವೆ. ಆದರೆ ಆ ಚಿತ್ರಗಳು ಮುಖ್ಯವಾಗಿ ಸೇರುವುದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ಕೋಲ್ಕತ್ತ ಮುಂತಾದ ಕಡೆಯ ಇತರ ಕ್ಲಬ್‌ಗಳ ಆವರಣಗಳನ್ನು. ಬೆಂಗಳೂರಿನಲ್ಲಿ ಕುಳಿತವರು ಮುಂಬಯಿಯ ಓಟವನ್ನೂ, ಮುಂಬಯಿಯವರು ಬೆಂಗಳೂರಿನ ಓಟವನ್ನೂ ತೆರೆಯ ಮೇಲೆ ನೋಡಿ ಅಲ್ಲಿಯೇ ಪಣ ಕಟ್ಟಲು ಈ ವ್ಯವಸ್ಥೆ ಇದೆ. ಕ್ಲಬ್‌ಗಳ ವರಮಾನದ ಬಹುಭಾಗ ಟೋಟಲೈಸೇಟರ್ ಹಾಗೂ ಪರವಾನಗಿ ಪಡೆದ ಬುಕ್‌ಮೇಕರ್‌ಗಳ ಮೂಲಕ ನಡೆಯುವ ಈ ಪಣದ ವಹಿವಾಟಿನಿಂದ ಬರುತ್ತದೆ. ಮನೆಯಲ್ಲಿ ಕುಳಿತು ಕೇವಲ ನೋಡುವವರು ಈ ವ್ಯವಹಾರದ ಲೆಕ್ಕಕ್ಕೆ ಬರುವುದಿಲ್ಲ. ಫೆಬ್ರವರಿ ತಿಂಗಳಲ್ಲಿ ಮುಂಬಯಿಯ ಮಹಾಲಕ್ಷ್ಮಿ ಮೈದಾನದಲ್ಲಿ ನಡೆಯುವ, 1943ರಲ್ಲಿ ಆರಂಭವಾದ ಇಂಡಿಯನ್ ಡರ್ಬಿಯಂತಹ ಪ್ರತಿಷ್ಠಿತ ಓಟಗಳು ಕೆಲವು ವರ್ಷ ಟಿ.ವಿ. ವಾಹಿನಿಗಳಲ್ಲಿ ನೇರವಾಗಿ ಪ್ರಸಾರಗೊಂಡದ್ದುಂಟು. ಆದರೆ ಒಂದು ವರ್ಷ ತೋರಿಸಿದ ವಾಹಿನಿಯೇ ಮರುವರ್ಷವೂ ತೋರಿಸಬೇಕೆಂಬ ನಿಯಮವಿಲ್ಲ.

ಬ್ರಿಟನ್ನಿನಲ್ಲಿ ಸ್ಥಿತಿ ಬೇರೆ. ಅಲ್ಲಿ ಕುದುರೆ ಓಟಕ್ಕೆಂದೇ ಮೀಸಲಾದ ಮಾಸಿಕ ಚಂದಾ ವಾಹಿನಿಯೊಂದು 2004ರಿಂದ ನಡೆಯುತ್ತಿದ್ದು, 2019ರಲ್ಲಿ ಅದರ ಹೆಸರು ರೇಸಿಂಗ್ ಟಿ.ವಿ. ಎಂದು ಬದಲಾಯಿತು. ಪ್ರಸಿದ್ಧ ಗ್ರ್ಯಾಂಡ್ ನ್ಯಾಷನಲ್ ಓಟವು 2017ರಿಂದ ಐಟಿವಿಯಲ್ಲಿ ಚಂದಾ ಇಲ್ಲದೆಯೇ ಲಭ್ಯವಿದೆ. ವಿದೇಶದಲ್ಲಿರುವ ಬಂಧುಗಳಿಂದ ಇದನ್ನು ಕೇಳಿ ತಿಳಿದವರು ಇಲ್ಲಿಯೂ ಅಂಥದೇ ವಾಹಿನಿ ಇರಬಹುದೆಂದು ಭಾವಿಸುವುದುಂಟು. ನಮ್ಮ ಭಾಗದ ಕೇಬಲ್ ಹಾಗೂ ಡಿಟಿಎಚ್ ಪಟ್ಟಿಗಳಲ್ಲಿ ಅಂತಹ ಪ್ರತ್ಯೇಕ ವಾಹಿನಿ ಸಾಮಾನ್ಯವಾಗಿ ಕಂಡುಬರುವುದಿಲ್ಲ.

ದೂರದರ್ಶನದಲ್ಲಾದರೂ ಬರಬಾರದೇಕೆ ಎಂಬ ಪ್ರಶ್ನೆಗೂ ಉತ್ತರ ಕಾನೂನಿನಲ್ಲಿದೆ. ಕ್ರೀಡಾ ಪ್ರಸಾರ ಸಂಕೇತಗಳನ್ನು ಪ್ರಸಾರ ಭಾರತಿಯೊಂದಿಗೆ ಕಡ್ಡಾಯವಾಗಿ ಹಂಚಿಕೊಳ್ಳುವ ಕುರಿತ 2007ರ ಅಧಿನಿಯಮವು, ಕೇಂದ್ರ ಸರ್ಕಾರ ರಾಷ್ಟ್ರೀಯ ಮಹತ್ವದವೆಂದು ಅಧಿಸೂಚಿಸಿದ ಕ್ರೀಡೆಗಳಿಗೆ ಮಾತ್ರ ಅನ್ವಯಿಸುತ್ತದೆ. ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟ, ಭಾರತ ತಂಡದ ಕ್ರಿಕೆಟ್ ಪಂದ್ಯಗಳು ಮೊದಲಾದವು ಆ ವರ್ಗಕ್ಕೆ ಸೇರಿವೆ. ಕುದುರೆ ಪಂದ್ಯಗಳು ಸೇರಿಲ್ಲ. ಪ್ರಸಂಗವಶಾತ್ ಇನ್ನೊಂದು ಅಂಶವನ್ನೂ ಗಮನಿಸಬಹುದು. ಹೀಗೆ ಹಂಚಿಕೊಂಡ ಸಂಕೇತವನ್ನು ದೂರದರ್ಶನವು ತನ್ನ ಭೂ ಪ್ರಸಾರ ಮತ್ತು ಡಿಡಿ ಫ್ರೀ ಡಿಶ್ ಮೂಲಕ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಜಾಲಗಳಿಗೆ ನೀಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್‌ನಲ್ಲಿ ತೀರ್ಪು ನೀಡಿತು. ಕ್ರಿಕೆಟ್ ಪಂದ್ಯವು ಪಕ್ಕದ ಮನೆಯ ಫ್ರೀ ಡಿಶ್‌ನಲ್ಲಿ ಕಂಡು, ತಮ್ಮ ಕೇಬಲ್‌ನಲ್ಲಿ ಕಾಣದಿರುವುದಕ್ಕೆ ಆಪರೇಟರರನ್ನು ದೂರುವವರು ಇದನ್ನು ತಿಳಿದಿರಬೇಕು.

ದರ ನಿಗದಿಯಾಗುವ ಬಗೆ

ಡಿಜಿಟಲ್ ಕೇಬಲ್ ವ್ಯವಸ್ಥೆಯು ದೇಶದಲ್ಲಿ ನಾಲ್ಕು ಹಂತಗಳಲ್ಲಿ ಜಾರಿಗೆ ಬಂದಿತು. ದಾವಣಗೆರೆ, ಹರಿಹರದಂತಹ ನಗರ ಪ್ರದೇಶಗಳು ಮೂರನೆಯ ಹಂತಕ್ಕೆ ಸೇರಿದ್ದು, ಅದರ ಗಡುವು 31-12-2015 ಆಗಿತ್ತು. ಮಾಯಕೊಂಡದಂತಹ ಗ್ರಾಮೀಣ ಪ್ರದೇಶಗಳು ನಾಲ್ಕನೆಯ ಹಂತಕ್ಕೆ ಸೇರಿದ್ದವು; ಅದರ ವಿಸ್ತರಿತ ಗಡುವು 31-3-2017. ಸೆಟ್ ಟಾಪ್ ಬಾಕ್ಸ್ ಬಂದ ನಂತರವೇ ಯಾವ ಮನೆಗೆ ಯಾವ ವಾಹಿನಿ ಎಂದು ಪ್ರತ್ಯೇಕಿಸುವುದು ಸಾಧ್ಯವಾಯಿತು. ಇದನ್ನು ಆಧರಿಸಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2017ರಲ್ಲಿ ಹೊರಡಿಸಿದ ದರ ಆದೇಶವು 2019ರ ಆರಂಭದಿಂದ ಚಂದಾದಾರರ ಅನುಭವಕ್ಕೆ ಬಂದಿತು.

ಈ ವ್ಯವಸ್ಥೆಯಲ್ಲಿ ಮಾಸಿಕ ಬಿಲ್ಲಿಗೆ ಮೂರು ಭಾಗಗಳಿವೆ. ಮೊದಲನೆಯದು ಜಾಲ ಸಾಮರ್ಥ್ಯ ಶುಲ್ಕ, ಅಂದರೆ ಸಂಪರ್ಕಕ್ಕಾಗಿ ಆಪರೇಟರರು ಪಡೆಯುವ ಮೊತ್ತ. ಎರಡನೆಯದು ಚಂದಾದಾರರು ಆಯ್ದ ಶುಲ್ಕಸಹಿತ ವಾಹಿನಿಗಳ ಬೆಲೆ. ಮೂರನೆಯದು ಶೇ. 18ರ ಸರಕು ಮತ್ತು ಸೇವಾ ತೆರಿಗೆ. ಜಾಲ ಸಾಮರ್ಥ್ಯ ಶುಲ್ಕಕ್ಕೆ ಆರಂಭದಲ್ಲಿ 100 ವಾಹಿನಿಗಳಿಗೆ ತೆರಿಗೆ ಹೊರತು ರೂ. 130ರ ಮಿತಿಯಿತ್ತು, 2020ರಲ್ಲಿ ಅದೇ ಮೊತ್ತಕ್ಕೆ 200 ವಾಹಿನಿಗಳನ್ನು ನೀಡುವಂತೆ ಬದಲಾಯಿಸಲಾಯಿತು. ಜುಲೈ 2024ರ ತಿದ್ದುಪಡಿಯಲ್ಲಿ ಈ ಮಿತಿಯನ್ನೇ ತೆಗೆದುಹಾಕಲಾಗಿದೆ. ಆದುದರಿಂದ "ಸರ್ಕಾರಿ ದರ ರೂ. 130" ಎಂಬ ಹಳೆಯ ತಿಳುವಳಿಕೆಯ ಮೇಲೆ ವಾದಿಸದೆ, ಆಪರೇಟರರು ಪ್ರಕಟಿಸಿರುವ ದರವನ್ನು ಕೇಳಿ ಪಡೆಯುವುದು ಅವಶ್ಯ.

ವಾಹಿನಿಯ ಬೆಲೆಯನ್ನು ಪ್ರಸಾರ ಸಂಸ್ಥೆಯೇ ಘೋಷಿಸುತ್ತದೆ. ಗುಚ್ಛದಲ್ಲಿ ಸೇರಿಸಬೇಕಾದ ವಾಹಿನಿಯ ಬಿಡಿ ಬೆಲೆ ರೂ. 19ನ್ನು ಮೀರಬಾರದೆಂಬ ನಿಯಮವು 2022ರ ನವೆಂಬರ್‌ನ ತಿದ್ದುಪಡಿಯಿಂದ ಪುನಃ ಬಂದಿದೆ. ಅದಕ್ಕಿಂತ ಹೆಚ್ಚಿನ ಬೆಲೆಯ ವಾಹಿನಿಯನ್ನು ಬಿಡಿಯಾಗಿ ಮಾತ್ರ ಮಾರತಕ್ಕದ್ದು. ಪ್ರಸಾರ ಸಂಸ್ಥೆಯು ಗುಚ್ಛಕ್ಕೆ ಬಿಡಿ ಬೆಲೆಗಳ ಮೊತ್ತದ ಮೇಲೆ ಶೇ. 45ರ ವರೆಗೆ ರಿಯಾಯಿತಿ ನೀಡಬಹುದು. ರಿಯಾಯಿತಿ ದೊಡ್ಡದಾಗಿ ಕಂಡರೂ, ಹತ್ತು ವಾಹಿನಿಗಳ ಪೈಕಿ ಎರಡನ್ನು ಮಾತ್ರ ನೋಡುವ ಮನೆಗೆ ಅದು ಲಾಭವಾಗುವುದು ವಿರಳ.

ಉದಾಹರಣೆಗೆ, ಆಪರೇಟರರ ಜಾಲ ಸಾಮರ್ಥ್ಯ ಶುಲ್ಕ ರೂ. 130 ಎಂದಿಟ್ಟುಕೊಂಡು, ಚಂದಾದಾರರು ರೂ. 19ರ ಒಂದು ಕ್ರೀಡಾ ವಾಹಿನಿಯನ್ನು ಮಾತ್ರ ಆಯ್ದರೆ, ತೆರಿಗೆ ಸೇರಿ ತಿಂಗಳಿಗೆ ರೂ. 175.82 ಆಗುತ್ತದೆ. ಅದೇ ಮನೆಯವರು, ಯಾವುದರಲ್ಲಾದರೂ ಕುದುರೆ ಪಂದ್ಯ ಬಂದೀತೆಂಬ ನಿರೀಕ್ಷೆಯಿಂದ ಇದೇ ಬೆಲೆಯ ನಾಲ್ಕು ಕ್ರೀಡಾ ವಾಹಿನಿಗಳನ್ನು ಪಡೆದರೆ, ಆ ನಾಲ್ಕಕ್ಕೇ ತೆರಿಗೆ ಸೇರಿ ತಿಂಗಳಿಗೆ ರೂ. 89.68, ವರ್ಷಕ್ಕೆ ರೂ. 1,076.16 ತೆರಬೇಕಾಗುತ್ತದೆ. ನಿರೀಕ್ಷೆಗೆ ತೆರುವ ಬೆಲೆಯಾಗಿ ಇದು ಹೆಚ್ಚೇ ಎನ್ನಬೇಕು. ಯಾವುದಾದರೂ ನಿರ್ದಿಷ್ಟ ಓಟದ ಪ್ರಸಾರ ಖಚಿತವಾದ ಮೇಲೆ ಆ ವಾಹಿನಿಯನ್ನು ಬಿಡಿಯಾಗಿ ಸೇರಿಸಿಕೊಂಡು, ಅನಂತರ ಕೈಬಿಡುವುದು ಉತ್ತಮ ಮಾರ್ಗ. ತಮ್ಮ ಜಾಲದಲ್ಲಿ ಲಭ್ಯವಿರುವ ಪ್ರತಿ ವಾಹಿನಿಯನ್ನೂ ಬಿಡಿಯಾಗಿ ನೀಡಲು ಆಪರೇಟರರು ಬದ್ಧರು. "ಗುಚ್ಛ ತೆಗೆದುಕೊಂಡರೆ ಮಾತ್ರ" ಎನ್ನುವಂತಿಲ್ಲ.

ಮಾಸಿಕ ಶುಲ್ಕವೇ ಬೇಡವೆನ್ನುವವರಿಗೆ 2004ರ ಡಿಸೆಂಬರ್‌ನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಡಿಡಿ ಫ್ರೀ ಡಿಶ್ ಇದೆ. ತಟ್ಟೆ ಮತ್ತು ಬಾಕ್ಸ್‌ಗೆ ಒಮ್ಮೆ ವೆಚ್ಚ ಮಾಡಿದರೆ ಸಾಕು.

ನೋಡುವುದು ಬೇರೆ, ಪಣ ಕಟ್ಟುವುದು ಬೇರೆ

ಕುದುರೆ ಪಂದ್ಯವು ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1996ರ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿದೆ. ಇದನ್ನು ಮುಂದಿಟ್ಟು, ಎಲ್ಲಿ ಬೇಕಾದರೂ ಪಣ ಕಟ್ಟಬಹುದೆಂದು ನಂಬಿಸುವವರಿದ್ದಾರೆ. ಇದನ್ನು ನಂಬತಕ್ಕದ್ದಲ್ಲ. ಕರ್ನಾಟಕ ಪೊಲೀಸ್ ಅಧಿನಿಯಮ, 1963 ಕುದುರೆ ಪಂದ್ಯದ ಪಣಕ್ಕೆ ನೀಡಿರುವ ವಿನಾಯಿತಿಯು, ಓಟ ನಡೆಯುವ ದಿನದಂದು, ಪರವಾನಗಿದಾರ ಸಂಸ್ಥೆಯು ಅದಕ್ಕಾಗಿ ಮೀಸಲಿಟ್ಟ ಆವರಣದೊಳಗೆ ಕಟ್ಟುವ ಪಣಕ್ಕೆ ಸೀಮಿತವಾಗಿದೆ. ಹೋಟೆಲಿನ ಟಿ.ವಿ. ಮುಂದೆ, ಅಂಗಡಿಯ ಕಟ್ಟೆಯ ಮೇಲೆ ಅಥವಾ ಫೋನಿನಲ್ಲಿ ಬುಕ್ಕಿಗೆ ಹಣ ಹೇಳುವುದು ಈ ವಿನಾಯಿತಿಯ ಒಳಗೆ ಬರುವುದಿಲ್ಲ. ಅಧಿಕೃತ ಆವರಣದಲ್ಲಿ ಕಟ್ಟುವ ಪಣದ ಮೇಲೂ 22-9-2025ರಿಂದ ಶೇ. 40ರ ಸರಕು ಮತ್ತು ಸೇವಾ ತೆರಿಗೆ ಇದೆ.

ರೇಸ್ ವಾಹಿನಿಯನ್ನು ತೆರೆಯುವುದಾಗಿ ಹೇಳಿ ಮೊಬೈಲ್‌ಗೆ ಲಿಂಕ್ ಕಳುಹಿಸಿ ರೀಚಾರ್ಜ್ ಹಣ ಕೇಳಿದಲ್ಲಿ ಪಾವತಿಸಬಾರದು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಅರ್ಜಿ ಮತ್ತು ದೂರು

ಹೊಸ ಸಂಪರ್ಕಕ್ಕಾಗಿ ಭರ್ತಿ ಮಾಡುವ ಗ್ರಾಹಕ ಅರ್ಜಿ ನಮೂನೆಯಲ್ಲಿ ಆಯ್ದ ವಾಹಿನಿಗಳ ಹೆಸರು ಮತ್ತು ದರವನ್ನು ಬರೆಸಿಕೊಂಡು, ಅದರ ಪ್ರತಿಯನ್ನು ಪಡೆಯತಕ್ಕದ್ದು. ಖಾಲಿ ನಮೂನೆಗೆ ಸಹಿ ಮಾಡಬಾರದು. ಪ್ರತಿ ಪಾವತಿಗೂ ರಸೀದಿ ಕೇಳಬೇಕು. ಬಿಲ್ಲಿನಲ್ಲಿ ತೆರಿಗೆ ನಮೂದಿಸಿದ್ದಲ್ಲಿ ಜಿಎಸ್‌ಟಿ ನೋಂದಣಿ ಸಂಖ್ಯೆಯೂ ಇರಬೇಕು. ನೋಂದಣಿ ಇಲ್ಲದವರು ಈ ತೆರಿಗೆಯನ್ನು ವಸೂಲು ಮಾಡುವಂತಿಲ್ಲ. ರಾಜ್ಯದ ಮನರಂಜನಾ ತೆರಿಗೆಯು 1-7-2017ರಿಂದ ಜಿಎಸ್‌ಟಿಯಲ್ಲಿ ವಿಲೀನಗೊಂಡಿರುವುದರಿಂದ ಆ ಹೆಸರಿನಲ್ಲಿ ಹಣ ಕೇಳಿದರೆ ವಿವರಣೆ ಪಡೆಯಬೇಕು.

ಕೇಳದ ವಾಹಿನಿಗೆ ಶುಲ್ಕ ಹಾಕಿದ್ದರೆ, ಕೈಬಿಟ್ಟ ವಾಹಿನಿಯ ಶುಲ್ಕ ಮುಂದುವರಿದಿದ್ದರೆ, ಮೊದಲು ಸೇವಾ ಸಂಸ್ಥೆಯ ಗ್ರಾಹಕ ಸೇವಾ ಕೇಂದ್ರಕ್ಕೆ ದೂರು ನೀಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಸಂಸ್ಥೆಯ ನೋಡಲ್ ಅಧಿಕಾರಿಗೆ ಬರೆಯಬೇಕು. ಟ್ರಾಯ್ ಸಂಸ್ಥೆಯು ವೈಯಕ್ತಿಕ ದೂರುಗಳನ್ನು ತಾನೇ ಇತ್ಯರ್ಥಪಡಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಂತಿಮವಾಗಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಸೇವಾ ಸಂಸ್ಥೆಯ ಕಚೇರಿ ಮುಂಬಯಿಯಲ್ಲಿದ್ದರೂ ಮಾಯಕೊಂಡದ ನಿವಾಸಿಗಳು ದಾವಣಗೆರೆಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋದರೆ ಸಾಕು. ಸೇವೆಗಾಗಿ ಪಾವತಿಸಿದ ಮೊತ್ತ ರೂ. 5 ಲಕ್ಷ ಮೀರದ ದೂರುಗಳಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ವ್ಯಾಜ್ಯದ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳ ಒಳಗೆ, ಅರ್ಜಿ ನಮೂನೆಯ ಪ್ರತಿ, ರಸೀದಿಗಳು ಮತ್ತು ದೂರಿನ ಸಂಖ್ಯೆಯ ವಿವರಗಳೊಂದಿಗೆ ದೂರನ್ನು ಸಲ್ಲಿಸತಕ್ಕದ್ದು.