ಒಂದೇ ಬದಿ ಉಬ್ಬಿದ ಶ್ವಾಸಕೋಶ

ಎಕ್ಸ್‌ರೇಯಲ್ಲಿ ಒಂದು ಶ್ವಾಸಕೋಶ ಮಾತ್ರ ಹೆಚ್ಚು ಕಪ್ಪಾಗಿ ಕಂಡರೆ ನಾನು ತಾಯಿಯನ್ನು ಮೊದಲು ಕೇಳುವುದು, 'ಮಗು ಕಡಲೆಬೀಜ ತಿನ್ನುವಾಗ ಕೆಮ್ಮಿತ್ತೇನಮ್ಮಾ?' ಎಂದು. ಶ್ವಾಸನಾಳದಲ್ಲಿ ಸಿಕ್ಕಿಕೊಂಡ ಬೀಜ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡದು. ಅಮೆರಿಕದ ವೈದ್ಯ ಷೆವಲಿಯರ್ ಜಾಕ್ಸನ್ ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲೇ ಇಂಥವನ್ನು ಎದೆ ಸೀಳದೆ, ಬಾಯಿಯ ಮೂಲಕ ಇಳಿಸುವ ಬ್ರಾಂಕೋಸ್ಕೋಪ್ ಎಂಬ ನಳಿಕೆಯಿಂದ ತೆಗೆಯುತ್ತಿದ್ದರು.

ಆದರೆ ಏನೂ ಸಿಕ್ಕಿಕೊಳ್ಳದೆಯೂ ಒಂದು ಶ್ವಾಸಕೋಶ ಹೀಗೆ ಕಾಣಬಹುದು. 1953ರಲ್ಲಿ ವೈದ್ಯರಾದ ಸ್ವೈಯರ್ ಮತ್ತು ಜೇಮ್ಸ್ 'ಥೋರಾಕ್ಸ್' ಪತ್ರಿಕೆಯಲ್ಲಿ ಅಂಥ ಆರು ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಅವನ ಒಂದು ಶ್ವಾಸಕೋಶವನ್ನೇ ತೆಗೆಯಲಾಗಿತ್ತು. ಮರುವರ್ಷ ಮ್ಯಾಕ್‌ಲಿಯಾಡ್ ಎಂಬ ವೈದ್ಯರು ಅಂಥದೇ ಒಂಬತ್ತು ಮಂದಿಯ ವಿವರ ಕೊಟ್ಟರು. ಎಳವೆಯ ಸೋಂಕು ಸಣ್ಣ ಗಾಳಿನಾಳಗಳನ್ನು ಕೆಡಿಸುವುದೇ ಇದಕ್ಕೆ ಮುಖ್ಯ ಕಾರಣವೆಂದು ಆಮೇಲೆ ತಿಳಿಯಿತು.

ಹಾಗಾಗಿ ಇಂದು ಬಹುತೇಕರಿಗೆ ಔಷಧ, ಲಸಿಕೆ ಸಾಕು. ಸೋಂಕು ಮರುಕಳಿಸುತ್ತಲೇ ಇದ್ದರೆ ಶಸ್ತ್ರಚಿಕಿತ್ಸೆ. ಆದರೆ ಹುಟ್ಟಿನಿಂದಲೇ ಶ್ವಾಸಕೋಶದ ಒಂದು ಹಾಲೆ (ಭಾಗ) ಉಬ್ಬಿ ಉಸಿರಿಗೆ ಒದ್ದಾಡುವ ಶಿಶುವಿಗೆ ಆ ಹಾಲೆ ತೆಗೆಯಲು ತಡಮಾಡಬಾರದು.