ವೀಸಾ ಬಂದ ಮೇಲೆ ಮದುವೆ: ಮುಚ್ಚಿಡಬಹುದೇ?

ರಾಜಾಜಿನಗರ, ವಿಜಯನಗರದ ಕಲ್ಯಾಣ ಮಂಟಪಗಳಿಗೆ ಅಮೆರಿಕದ ವರ ಹೊಸಬನಲ್ಲ. ಕೆಂಗೇರಿ ಆಚೆಯ ಹಳ್ಳಿಗಳಿಂದಲೂ ಹೆಣ್ಣು ಕೊಡುತ್ತಾರೆ. "ಹುಡುಗ ವಿಮಾನ ಹತ್ತೋ ಮೊದ್ಲು ತಾಳಿ ಕಟ್ಲಿ, ರಿಜಿಸ್ಟ್ರಿ ಆಮೇಲೆ ನೋಡೋಣ" ಎನ್ನುವ ಮಾತು ನಮ್ಮ ಕಿವಿಗೂ ಬೀಳುತ್ತದೆ. ಇದರಲ್ಲಿ ಎಷ್ಟು ಅಪಾಯವಿದೆ ಎಂದು ತಿಳಿಯಲು ಸ್ವಲ್ಪ ಇತಿಹಾಸ ನೋಡಬೇಕು.

1917ರಲ್ಲಿ ಅಮೆರಿಕ ನಮ್ಮವರಿಗೆ ಬಾಗಿಲು ಹಾಕಿತ್ತು. 1946ರಲ್ಲಿ ತೆರೆದದ್ದು ವರ್ಷಕ್ಕೆ ಸುಮಾರು 100 ಜನರಿಗೆ. 1965ರ ಕಾನೂನು ಹೆಚ್ಚು ಜನರಿಗೆ ದಾರಿ ಮಾಡಿತು. ಜೊತೆಗೆ ಮದುವೆಯಾದ ಮಕ್ಕಳಿಗೆ ಒಂದು ಸಾಲು, ಆಗದವರಿಗೆ ಇನ್ನೊಂದು ಸಾಲು ಎಂದು ವಿಂಗಡಿಸಿತು.

ಆ ವಿಂಗಡಣೆ ಇಂದಿಗೂ ಇದೆ. ಗ್ರೀನ್ ಕಾರ್ಡ್ ಇರುವ ಅಪ್ಪ-ಅಮ್ಮ ಅವಿವಾಹಿತ ಮಗನಿಗೆ ಅರ್ಜಿ ಹಾಕಿದ್ದಾರೆ ಎನ್ನಿ. ಅಲ್ಲಿಗೆ ಕಾಲಿಡುವ ಮುನ್ನ ಅವನು ಮದುವೆಯಾದರೆ ಅರ್ಜಿಯೇ ಬಿದ್ದುಹೋಗುತ್ತದೆ; ವೀಸಾ ಕೈಯಲ್ಲಿದ್ದರೂ ಅಷ್ಟೇ. ಮುಚ್ಚಿಟ್ಟು ಹೋದರೆ ವರ್ಷಗಳ ನಂತರವೂ ಗಡೀಪಾರಿನ ಭಯ. ಹೆಂಡತಿಯನ್ನು ಕರೆಸಿಕೊಳ್ಳಲು ಮದುವೆ ದಿನಾಂಕ ಬರೆಯಲೇಬೇಕು, ಆಗ ಸುಳ್ಳು ಬಯಲಾಗುತ್ತದೆ.

ಕೆಲಸದ ಮೇಲೆ ಗ್ರೀನ್ ಕಾರ್ಡ್ ಪಡೆಯುವವನ ಕಥೆ ತಿರುಗುಮುರುಗು. ಅದು ಸಿಗುವ ಮೊದಲೇ ಮದುವೆಯಾಗಿ ತಿಳಿಸಿದರೆ ಹೆಂಡತಿಗೂ ಅವನದೇ ಸರದಿ ಸಿಗುತ್ತದೆ. ಆಮೇಲೆ ಆದರೆ ಅವಳಿಗೆ ಬೇರೆ ಸಾಲು, ಬೇರೆ ಕಾಯುವಿಕೆ.

"ರಿಜಿಸ್ಟ್ರಿ ಆಗದಿದ್ರೆ ಮದುವೆ ಲೆಕ್ಕಕ್ಕಿಲ್ಲ" ಎನ್ನುವವರೂ ಇದ್ದಾರೆ. ಅದು ತಪ್ಪು. 1955ರ ಹಿಂದೂ ವಿವಾಹ ಕಾಯ್ದೆಯಂತೆ ನೋಂದಣಿ ಆಗಿಲ್ಲವೆಂದು ಮದುವೆ ರದ್ದಾಗುವುದಿಲ್ಲ. ಸಪ್ತಪದಿ ಇರುವ ಕಡೆ ಏಳನೇ ಹೆಜ್ಜೆಗೇ ಮದುವೆ ಪೂರ್ತಿ. ಹಾಗಂತ ನೋಂದಣಿ ಬೇಡವೆಂದಲ್ಲ. ಕರ್ನಾಟಕ 1976ರಲ್ಲೇ ಕಡ್ಡಾಯ ನೋಂದಣಿಗೆ ಕಾಯ್ದೆ ಮಾಡಿತು. 2006ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅದನ್ನೇ ಹೇಳಿತು.

ಶಾಸ್ತ್ರವೇ ಆಗದೆ ವೀಸಾಕ್ಕಾಗಿ ಸರ್ಟಿಫಿಕೇಟ್ ಮಾತ್ರ ಮಾಡಿಸುವವರೂ ಉಂಟು. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಇಂಥ ಆತುರವನ್ನು ಹೆಸರಿಟ್ಟೇ ಖಂಡಿಸಿತು. ಶಾಸ್ತ್ರ ನಡೆಯದಿದ್ದರೆ ಬರೀ ಕಾಗದದಿಂದ ಹಿಂದೂ ಮದುವೆ ಆಗುವುದಿಲ್ಲ ಎಂದಿತು.

ಎರಡೂ ಕಡೆ ಹೆಚ್ಚು ಕಳೆದುಕೊಳ್ಳುವವಳು ಹುಡುಗಿ. ಗಂಡ ಅಲ್ಲಿ, ಇವಳು ತವರಿನಲ್ಲಿ. ಕೇಳಿದವರಿಗೆಲ್ಲ ಉತ್ತರ ಹೇಳುವುದೂ ಇವಳೇ. ಆದ್ದರಿಂದ ಮುಹೂರ್ತ ಇಡುವ ಮೊದಲೇ ಗಂಡಿನ ಕಡೆಯವರನ್ನು ಕೇಳಿ: ವೀಸಾ ಯಾವ ಸಾಲಿನದು? ಮದುವೆಯ ವಿಷಯ ಕಾನ್ಸುಲೇಟಿಗೆ ಬರೆದು ತಿಳಿಸುತ್ತೀರಾ? ಸಂಬಳ ಕೇಳುವಾಗ ಇರದ ಸಂಕೋಚ ಇಲ್ಲೂ ಬೇಡ.